ತೂಕದ ತಕ್ಕಡಿಗೆ ಸಿಗದ ಬೆಳವಣಿಗೆ

ಕನ್ನಡದ ಮನೆಗಳಲ್ಲಿ ಮಗುವಿನ ಮೊದಲ ಎರಡು ವರ್ಷಕ್ಕೆ ಅಂತಲೇ ಒಂದು ಪಂಚಾಂಗವಿದೆ. ಕತ್ತು ನಿಂತಿತೇ, ಬೋರಲು ಬಿದ್ದಿತೇ, ಅಂಬೆಗಾಲಿಟ್ಟಿತೇ, ಹೊಸಿಲು ದಾಟಿತೇ, ತಪ್ಪು ಹೆಜ್ಜೆ ಇಟ್ಟಿತೇ, ‘ಅತ್ತೆ’ ‘ತಾತ’ ಅಂದಿತೇ ಎಂದು ಊರಿನಿಂದ ಅಜ್ಜಿ ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ಆ ಪಂಚಾಂಗ. ಮಗು ಹೊಸಿಲು ದಾಟಿದ ದಿನ ಸಿಹಿ ಮಾಡಿ ಹಂಚುವ ಮನೆಗಳು ಈಗಲೂ ಇವೆ. ವೈದ್ಯರು ‘ಬೆಳವಣಿಗೆಯ ಮೈಲಿಗಲ್ಲು’ ಎಂದು ಕರೆಯುವುದು ಇದನ್ನೇ. ಆದರೆ ಮನೆಯ ಈ ಪಂಚಾಂಗದಲ್ಲಿ ಒಂದು ಕೊರತೆ ಇದೆ. ಮೈಲಿಗಲ್ಲು ಬಂದಾಗ ಹಬ್ಬ ಮಾಡುವುದು ಅದಕ್ಕೆ ಗೊತ್ತು, ಬಾರದೇ ಹೋದಾಗ ಏನು ಮಾಡಬೇಕೆಂಬುದು ಗೊತ್ತಿಲ್ಲ. ಆಗ ಕೇಳಿಬರುವ ಮಾತು ಒಂದೇ: “ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ತಾನಾಗಿ ಬರುತ್ತೆ ಬಿಡು.”

ಬಹಳಷ್ಟು ಸಲ ಆ ಮಾತು ನಿಜವೇ ಆಗುತ್ತದೆ. ತೊಂದರೆ ಇರುವುದೂ ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ನಾರ್ವೆ, ಓಮನ್, ಅಮೆರಿಕ ಮತ್ತು ನಮ್ಮ ದೆಹಲಿಯ ಆರೋಗ್ಯವಂತ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಆಸರೆಯಿಲ್ಲದೆ ಕೂರುವುದು ಸುಮಾರು 4 ತಿಂಗಳಿಂದ 9 ತಿಂಗಳೊಳಗೆ ಯಾವಾಗಲಾದರೂ ಆಗಬಹುದು. ಒಂಟಿಯಾಗಿ ನಡೆಯುವುದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳೊಳಗೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಿಂತಿದ್ದರು. ಅಂದರೆ ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು, ನಮ್ಮದು ಹದಿನಾಲ್ಕಾದರೂ ನಡೆಯಲಿಲ್ಲ ಎಂದು ಕಂಗಾಲಾಗಬೇಕಾದ ಕಾರಣವೇ ಇಲ್ಲ. ಆದರೆ ಆ ಅಗಲವಾದ ಬಾಗಿಲಿಗೂ ಒಂದು ಕೊನೆ ಇದೆ. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ‘ನಿಧಾನ’ ಎಂದು ಬಿಟ್ಟುಬಿಡುವಂತಿಲ್ಲ, ಯಾರಾದರೂ ತಿಳಿದವರು ಅದನ್ನು ನೋಡಲೇಬೇಕು. ಕಾಯುವುದಕ್ಕೂ ಕೈಬಿಡುವುದಕ್ಕೂ ನಡುವಿನ ಈ ಗೆರೆಯನ್ನು ಎಳೆಯುವುದು ಅಜ್ಜಿಯ ಕೆಲಸವಲ್ಲ. ಅದು ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಕೆಲಸ.

ಆ ಗೆರೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಿವುಡುತನ ಒಂದು ಒಳ್ಳೆಯ ಉದಾಹರಣೆ. ಹುಟ್ಟಿನಿಂದ ಕಿವಿ ಕೇಳದ ಕೂಸೂ ಮೊದಲ ಕೆಲವು ತಿಂಗಳು ಎಲ್ಲ ಕೂಸುಗಳಂತೆ ಕೂಗುತ್ತದೆ, ನಗುತ್ತದೆ. ಬಾಗಿಲು ಧಡ್ ಎಂದರೆ ನೆಲದ ಅದುರುವಿಕೆಗೇ ಬೆಚ್ಚಿ ತಿರುಗುತ್ತದೆ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಅನುಮಾನ ಬರುವುದು ಎರಡು ವರ್ಷ ದಾಟಿ ಮಾತು ಬಾರದಿದ್ದಾಗ. ಜಗತ್ತಿನೆಲ್ಲೆಡೆ ಒಪ್ಪಿಕೊಂಡ ಗುರಿ ಬೇರೆಯೇ ಇದೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿ. ಭಾಷೆ ಕಲಿಯಲು ಮಿದುಳು ಅತಿ ಹೆಚ್ಚು ತೆರೆದಿರುವ ಕಾಲ ಅದು. ಮೂರನೇ ವರ್ಷದಲ್ಲಿ ಕೊಟ್ಟ ಯಂತ್ರಕ್ಕೆ ಆರನೇ ತಿಂಗಳಲ್ಲಿ ಕೊಟ್ಟ ಯಂತ್ರದ ಫಲ ಬರುವುದಿಲ್ಲ.

ಬೇರೆ ತೊಂದರೆಗಳೂ ಹೀಗೆಯೇ. ಕಟ್ಟುನಿಟ್ಟಿನ ಸಸ್ಯಾಹಾರಿ ತಾಯಿಯಲ್ಲಿ ಬಿ12 ಜೀವಸತ್ವ ತೀರಾ ಕಡಿಮೆಯಿದ್ದು, ಕೂಸು ಎದೆಹಾಲಿನ ಮೇಲೆಯೇ ಇದ್ದರೆ, ಕಲಿತದ್ದನ್ನೂ ಮರೆಯುತ್ತಾ ಮಂಕಾಗುವ ಸ್ಥಿತಿ ಬರಬಹುದು. ಬೇಗ ಗುರುತಿಸಿದರೆ ಕೆಲವು ಇಂಜೆಕ್ಷನ್ನುಗಳಿಗೆ ಅದು ಬಗ್ಗುತ್ತದೆ. ಎಲ್ಲವನ್ನೂ ಮೈಲಿಗಲ್ಲುಗಳೇ ಹಿಡಿಯುತ್ತವೆ ಎಂದೇನಲ್ಲ. ಹುಟ್ಟಿನಿಂದ ಥೈರಾಯ್ಡ್ ಹಾರ್ಮೋನು ಕೊರತೆಯಿರುವ ಮಗುವಿಗೆ ಮಾತ್ರೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆಯನ್ನು ಒಂದು ತಿಂಗಳೊಳಗೆ ನೋಡಬೇಕು. ಮಗು ಕತ್ತು ನಿಲ್ಲಿಸುತ್ತದೋ ಎಂದು ಕಾಯುತ್ತಾ ಕೂತರೆ ಈ ಎರಡೂ ಕೈತಪ್ಪುತ್ತವೆ. ಹುಟ್ಟಿದಾಗಿನ ತಪಾಸಣೆ ಮೊದಲ ಬಲೆ, ಮೈಲಿಗಲ್ಲುಗಳ ಮೇಲಿನ ನಿಗಾ ಎರಡನೇ ಬಲೆ. ಮೊದಲನೆಯದರಿಂದ ತಪ್ಪಿಸಿಕೊಂಡ ಮಗುವಿಗೆ ಎರಡನೆಯದಾದರೂ ಇರಬೇಕು.

ಇದು ಎಲ್ಲೋ ಒಬ್ಬಿಬ್ಬರಿಗೆ ಬರುವ ತೊಂದರೆಯಲ್ಲ. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಪಲ್ವಲ್, ಕಾಂಗ್ಡಾ, ಢೇಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದಿನಲ್ಲಿ 2ರಿಂದ 9 ವರ್ಷದ ಸುಮಾರು 4,000 ಮಕ್ಕಳನ್ನು ಪರೀಕ್ಷಿಸಿತು. ದೃಷ್ಟಿ, ಶ್ರವಣ, ಮಾತು, ಕಲಿಕೆ, ಆಟಿಸಂ, ಅಪಸ್ಮಾರ, ಸೆರೆಬ್ರಲ್ ಪಾಲ್ಸಿ ಮುಂತಾದ ಒಂಬತ್ತು ತೊಂದರೆಗಳಲ್ಲಿ ಒಂದಾದರೂ ಇದ್ದ ಮಕ್ಕಳು ಹೆಚ್ಚು ಕಡಿಮೆ ಎಂಟಕ್ಕೆ ಒಬ್ಬರು. ಊರಿಂದ ಊರಿಗೆ ಈ ಪ್ರಮಾಣ ಬಹಳ ಏರಿಳಿದರೂ ಯಾವ ಊರೂ ಅದರಿಂದ ಹೊರಗಿರಲಿಲ್ಲ.

ಹಾಗಿದ್ದೂ ದೇಶದ ಕಣ್ಣು ನೆಟ್ಟಿರುವುದು ತಕ್ಕಡಿಯ ಮೇಲೆ. ಅದಕ್ಕೆ ಕಾರಣವೂ ಇದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆಗಿನ ದೊಡ್ಡ ಶತ್ರು ಹಸಿವು. ಅಂದಿನಿಂದ ಇಂದಿನವರೆಗೆ ಅಂಗನವಾಡಿ ಕಾರ್ಯಕರ್ತೆ ಪ್ರತಿ ತಿಂಗಳು ಮಗುವನ್ನು ತೂಗಿ, ಪಟ್ಟಿಯಲ್ಲಿ ಚುಕ್ಕೆ ಇಡುತ್ತಾಳೆ. ಚುಕ್ಕೆ ಹಸಿರಿನಲ್ಲಿ ಬಿದ್ದರೆ ಎಲ್ಲರಿಗೂ ಸಮಾಧಾನ. ಈ ಕೆಲಸ ಲಕ್ಷಾಂತರ ಜೀವ ಉಳಿಸಿದೆ, ಅದರ ಬೆಲೆಯನ್ನು ಯಾರೂ ಕಡಿಮೆ ಮಾಡುವಂತಿಲ್ಲ. ಆದರೆ ತಕ್ಕಡಿಗೆ ಕೇಳದ ಕಿವಿ ಕಾಣುವುದಿಲ್ಲ. ಹೆಸರು ಕರೆದರೂ ತಿರುಗದ, ಬೆರಳು ಮಾಡಿ ಏನನ್ನೂ ತೋರಿಸದ, ಕಣ್ಣಲ್ಲಿ ಕಣ್ಣಿಟ್ಟು ನಗದ ಮಗುವೂ ಗುಂಡುಗುಂಡಾಗಿದ್ದರೆ ಅದರ ಚುಕ್ಕೆ ಹಸಿರಿನಲ್ಲೇ ಬೀಳುತ್ತದೆ. ಬದುಕಿಸುವುದು ಮೊದಲ ಕೆಲಸವಾಗಿತ್ತು, ಬದುಕಿದ ಮಗು ಹೇಗೆ ಬೆಳೆಯುತ್ತಿದೆ ಎಂದು ನೋಡುವುದು ಎರಡನೆಯದು. ಐವತ್ತು ವರ್ಷವಾದ ಮೇಲಾದರೂ ಎರಡನೆಯದಕ್ಕೆ ಸರದಿ ಬರಬೇಕು.

ಕಾಗದದ ಮೇಲೆ ನೋಡಿದರೆ ಸರದಿ ಬಂದೂ ಆಗಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನ ದೋಷ, ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬ ಎಂಬ ನಾಲ್ಕನ್ನೂ ಹುಡುಕಬೇಕೆಂದು ಹೇಳುತ್ತದೆ. ಅದರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಆಶಾ ಕಾರ್ಯಕರ್ತೆ ಹೆರಿಗೆಯಾದ ಮೇಲೆ 42 ದಿನಗಳವರೆಗೆ ಮನೆಗೆ ಬರುತ್ತಾಳೆ. 2018ರಿಂದ 3, 6, 9, 12 ಮತ್ತು 15ನೇ ತಿಂಗಳಲ್ಲೂ ಬರುತ್ತಾಳೆ. ಕರ್ನಾಟಕದಲ್ಲಿ ‘ತಾಯಿ ಕಾರ್ಡ್’ ಎಂದೇ ಹೆಸರಾದ ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳಿವೆ. 2024ರಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗೆ ಆಟದ ಮೂಲಕ ಮಗುವನ್ನು ಪ್ರಚೋದಿಸುವ ‘ನವಚೇತನ’ ಎಂಬ ಚೌಕಟ್ಟನ್ನೂ ಕೇಂದ್ರ ಸರ್ಕಾರ ತಂದಿದೆ. ಇಷ್ಟೆಲ್ಲ ಇರುವಾಗ ಹೊಸ ಯೋಜನೆಯೊಂದನ್ನು ಕೇಳುವುದು ಅನಗತ್ಯ. ಇರುವುದರಲ್ಲಿ ತೂತು ಎಲ್ಲಿದೆ ಎಂದು ನೋಡಿದರೆ ಸಾಕು.

ಮೊದಲ ತೂತು ವಯಸ್ಸಿನದು. ಆಶಾ ಭೇಟಿ ನಿಲ್ಲುವುದು 15ನೇ ತಿಂಗಳಿಗೆ. ಮಗು ಅಂಗನವಾಡಿಯಲ್ಲಿ ಬಂದು ಕೂರುವುದು ಮೂರನೇ ವರ್ಷಕ್ಕೆ. ಅದಕ್ಕೂ ಚಿಕ್ಕ ಮಕ್ಕಳ ಮನೆಗೆ ಹೋಗುವುದು ಪೌಷ್ಟಿಕ ಆಹಾರದ ಪೊಟ್ಟಣ, ಮಗು ಅಲ್ಲಿಗೆ ಬರುವುದು ತೂಕಕ್ಕಷ್ಟೇ. ಸಂಚಾರಿ ತಂಡ ಅಂಗನವಾಡಿಗೆ ಬಂದ ದಿನ ಕಣ್ಣಿಗೆ ಬೀಳುವವರು ಮೂರು ದಾಟಿದವರು. ಮಾತಿನ ವಿಳಂಬ, ಆಟಿಸಂನ ಮೊದಲ ಲಕ್ಷಣ, ಅರ್ಧ ಕೇಳುವ ಕಿವಿ ಇವೆಲ್ಲ ಎದ್ದು ಕಾಣಲು ಶುರುವಾಗುವುದು ಸರಿಯಾಗಿ ಈ ಖಾಲಿ ಜಾಗದಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷದ ನಡುವೆ. ಆ ಅವಧಿಯಲ್ಲಿ ಮಗು ತಪ್ಪದೆ ಆರೋಗ್ಯ ಕೇಂದ್ರಕ್ಕೆ ಬರುವುದು ಒಂದು ಸಲ: 16ರಿಂದ 24 ತಿಂಗಳೊಳಗಿನ ಬೂಸ್ಟರ್ ಚುಚ್ಚುಮದ್ದಿಗೆ. ಆ ದಿನ ಯಾರೂ ಮಾತಿನ ಬಗ್ಗೆ ಕೇಳದಿದ್ದರೆ ಮುಂದೆ ಕೇಳುವವರು ಶಾಲೆಯ ಟೀಚರು. ಅಷ್ಟರಲ್ಲಿ ಮಗುವಿಗೆ ‘ದಡ್ಡ’ ಎಂಬ ಹೆಸರೂ ಬಂದಿರುತ್ತದೆ.

ಎರಡನೆಯದು ಊರಿನಿಂದ ಊರಿಗೆ ಹೋಗುವಾಗ ಆಗುವ ತೂತು. ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ. ಧಾರವಾಡದಲ್ಲೋ ಕಲಬುರಗಿಯಲ್ಲೋ ಹೆರಿಗೆ, ಅಲ್ಲಿಯೇ ಬಾಣಂತನ. ಮೊದಲ ಮೂರು ಚುಚ್ಚುಮದ್ದು, ಆಶಾ ಭೇಟಿ, ಕಾರ್ಡು ಎಲ್ಲವೂ ಅಲ್ಲಿನವು. ಮೂರೋ ಐದೋ ತಿಂಗಳಿಗೆ ತಾಯಿ ಮಗು ಪುಣೆಗೋ ಹೈದರಾಬಾದಿಗೋ ಬರುತ್ತಾರೆ. ತವರಿನ ಆಶಾಳ ಪಟ್ಟಿಯಿಂದ ಹೆಸರು ಹೋಯಿತು, ಗಂಡನ ಊರಿನ ಆಶಾಗೆ ಇಂಥ ಮಗು ಬಂದಿದೆ ಎಂಬುದೇ ಗೊತ್ತಿಲ್ಲ. ಅಪಾರ್ಟ್‌ಮೆಂಟಿನ ಗೇಟು ದಾಟಿ ಅವಳು ಒಳಗೆ ಬರುವುದೂ ಇಲ್ಲ. ಕತ್ತು ನಿಲ್ಲುವುದನ್ನು ಒಬ್ಬರು ನೋಡಿದರು, ಕೂರುವುದನ್ನು ಯಾರೂ ನೋಡಲಿಲ್ಲ. ಯಾದಗಿರಿ, ರಾಯಚೂರಿನಿಂದ ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬದ ಮಗುವಿಗಂತೂ ವರ್ಷಕ್ಕೆ ಎರಡು ಮೂರು ಸೈಟುಗಳು. ಮಳೆಗಾಲದಲ್ಲಿ ಊರು, ಬೇಸಿಗೆಯಲ್ಲಿ ಪತ್ರಾಶೆಡ್ಡು. ಹೆಚ್ಚು ಅಪಾಯದಲ್ಲಿರುವುದು ಆ ಮಗು, ಕಡಿಮೆ ಕಣ್ಣು ಬೀಳುವುದೂ ಆ ಮಗುವಿನ ಮೇಲೆಯೇ.

ಮೂರನೆಯದು ಭಾಷೆಯದು. ಎರಡು ವರ್ಷದ ಮಗು ಎರಡು ಪದ ಜೋಡಿಸಿ ಮಾತಾಡುತ್ತದೆಯೇ ಎಂದು ಮರಾಠಿಯಲ್ಲೋ ತಮಿಳಿನಲ್ಲೋ ಕೇಳಿದರೆ, ಮನೆಯಲ್ಲಿ ಕನ್ನಡ ಮಾತ್ರ ಕೇಳಿದ ಮಗು ಸುಮ್ಮನೆ ನೋಡುತ್ತಾ ನಿಲ್ಲುತ್ತದೆ. ಅಲ್ಲಿ ಎರಡು ತಪ್ಪುಗಳು ಹುಟ್ಟುತ್ತವೆ. “ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ, ಕನ್ನಡ ಬಿಡಿ” ಎಂಬ ಸಲಹೆ ಒಂದು. ಎರಡು ಭಾಷೆಯಲ್ಲಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಈಗ ಚೆನ್ನಾಗಿ ಸ್ಥಾಪಿತವಾದ ವಿಷಯ. ಮಗುವಿನ ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ ಎಣಿಸಬೇಕು, ‘ನೀರು’ ಒಂದು, ‘ದೂಧ್’ ಇನ್ನೊಂದು. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಮಾತಾಡಿಸುವವರು ಕಡಿಮೆಯಾಗುತ್ತಾರೆಯೇ ಹೊರತು ಮಾತು ಬೇಗ ಬರುವುದಿಲ್ಲ. ಇನ್ನೊಂದು ತಪ್ಪು ಇದಕ್ಕೆ ಉಲ್ಟಾ: “ಮೂರು ಭಾಷೆ ಕಿವಿಗೆ ಬೀಳುತ್ತಲ್ಲ, ಗೊಂದಲ ಆಗಿದೆ, ಸರಿಹೋಗುತ್ತೆ” ಎಂದು ಎರಡು ವರ್ಷ ಕಾಯುವುದು. ನಿಜವಾದ ತೊಂದರೆ ಇದ್ದರೆ ಅದು ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಯಾವ ಭಾಷೆಯಲ್ಲೂ ಪದ ಹುಟ್ಟದ ಮಗುವಿಗೆ ಮೊದಲು ಬೇಕಾದದ್ದು ಕಿವಿಯ ಪರೀಕ್ಷೆ.

ಪೇಟೆಯ ಮಧ್ಯಮ ವರ್ಗಕ್ಕೆ ಖಾಸಗಿ ಮಕ್ಕಳ ವೈದ್ಯರಿದ್ದಾರಲ್ಲ ಎನ್ನಬಹುದು. ಇದ್ದಾರೆ. ಆದರೆ ಅಲ್ಲಿಗೆ ಹೋಗುವುದು ಜ್ವರಕ್ಕೆ ಅಥವಾ ಚುಚ್ಚುಮದ್ದಿಗೆ. ತೂಕ, ಎತ್ತರ, ಸೂಜಿ, ಮುಂದಿನ ತಾರೀಖು. ಲಸಿಕೆ ಪುಸ್ತಕದಲ್ಲಿರುವ ಮೈಲಿಗಲ್ಲುಗಳ ಪುಟ ಎಷ್ಟೋ ಮನೆಗಳಲ್ಲಿ ಖಾಲಿಯಾಗಿಯೇ ಉಳಿದಿರುತ್ತದೆ. ಬಡ ಮಗುವಿನ ತೊಂದರೆ ಯಾರ ಕಣ್ಣಿಗೂ ಬೀಳದೆ ಹೋದರೆ, ಈ ಮಗುವಿನ ತೊಂದರೆ ಫೋನಿನ ಪರದೆಯ ಬೆಳಕಿನಲ್ಲಿ ಮರೆಯಾಗುತ್ತದೆ: ಇಂಗ್ಲಿಷ್ ರೈಮ್ಸ್ ಪೂರ್ತಿ ಒಪ್ಪಿಸುವ ಮಗು ‘ಅಮ್ಮ ನೀರು’ ಎಂದು ಕೇಳುವುದಿಲ್ಲ ಎಂಬುದನ್ನು ಯಾರೂ ಗಮನಿಸಿರುವುದಿಲ್ಲ.

ಇಂಥ ನಿಗಾಕ್ಕೆ ದುಬಾರಿ ಯಂತ್ರವೂ ತಜ್ಞರ ದಂಡೂ ಬೇಕಾಗುತ್ತದೆ ಎಂಬ ವಾದ ನಿಲ್ಲುವುದಿಲ್ಲ. ತಿರುವನಂತಪುರದ ಮಕ್ಕಳ ವಿಕಾಸ ಕೇಂದ್ರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ತಪಾಸಣಾ ಪಟ್ಟಿಯಲ್ಲಿ ಇರುವುದು ಕೇವಲ 17 ಅಂಶಗಳು. ಎರಡು ವರ್ಷದೊಳಗಿನ ಮಗುವಿನ ವಯಸ್ಸಿನ ಮೇಲೆ ಪೆನ್ಸಿಲ್ ಒಂದನ್ನು ನೇರವಾಗಿ ಹಿಡಿದರೆ ಸಾಕು. ಪೆನ್ಸಿಲಿನ ಎಡಕ್ಕೆ ಮುಗಿದುಹೋದ ಗೆರೆಗಳಲ್ಲಿ ಯಾವುದನ್ನಾದರೂ ಮಗು ಇನ್ನೂ ಮಾಡುತ್ತಿಲ್ಲವೆಂದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಕೆಲವೇ ನಿಮಿಷಗಳ ಕೆಲಸ. ಅಂಗನವಾಡಿ ಕಾರ್ಯಕರ್ತೆ ಮಾಡಬಲ್ಲದ್ದು.

ಹೆಚ್ಚು ಗಟ್ಟಿಯಾದ ಆಕ್ಷೇಪಗಳು ಬೇರೆ ಮೂರು ಇವೆ. ಒಂದು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಹೆಗಲ ಮೇಲೆ ಈಗಾಗಲೇ ಹೊರಲಾರದಷ್ಟು ಹೊರೆ. ಇದು ಸತ್ಯ. ಮಗುವಿನ ಮನೆಗೆ ಹೋಗಿ, ಕೂತು, ಮಾತಾಡಿಸಿ ಬರುವ ಒಂದು ಭೇಟಿಗೆ ಆಶಾಗೆ ನಿಗದಿಯಾದ ಪ್ರೋತ್ಸಾಹಧನ 50 ರೂಪಾಯಿ. ಐದೂ ಭೇಟಿ ಮುಗಿಸಿದರೆ 250. ಮೊಬೈಲ್ ಆ್ಯಪುಗಳು, ಸಮೀಕ್ಷೆಗಳು, ರಿಜಿಸ್ಟರುಗಳ ನಡುವೆ ಇದೊಂದು ಕಾಲಂ ಹೆಚ್ಚಾದರೆ ಅವಳು ಮಗುವನ್ನು ನೋಡದೆ ‘ಸರಿ’ ಎಂದು ಗುರುತು ಹಾಕುತ್ತಾಳೆ, ಅದಕ್ಕೆ ಅವಳನ್ನು ದೂರುವಂತಿಲ್ಲ. ಹಾಗಾಗಿ ಕೆಲಸ ಸೇರಿಸುವ ಮೊದಲು ಬೇಡದ ಕೆಲಸ ತೆಗೆಯಬೇಕು, ಭೇಟಿಯ ಹಣ ಹೆಚ್ಚಿಸಬೇಕು. ಪಾಕಿಸ್ತಾನದ ಸಿಂಧ್‌ನಲ್ಲಿ ಸರ್ಕಾರದ ಮಹಿಳಾ ಆರೋಗ್ಯ ಕಾರ್ಯಕರ್ತೆಯರೇ ತಮ್ಮ ಮಾಮೂಲಿ ಭೇಟಿಗಳಲ್ಲಿ ತಾಯಂದಿರಿಗೆ ಮಗುವಿನೊಂದಿಗೆ ಆಡುವುದನ್ನು, ಮಾತಾಡುವುದನ್ನು ಕಲಿಸಿದರು. ಒಂದು ಮತ್ತು ಎರಡು ವರ್ಷದ ಹೊತ್ತಿಗೆ ಆ ಮಕ್ಕಳ ಬೆಳವಣಿಗೆ ಇತರರಿಗಿಂತ ಮುಂದಿತ್ತು ಎಂದು 2014ರಲ್ಲಿ ವರದಿಯಾಯಿತು. ನಮ್ಮ ಆಶಾಳಂಥವಳೇ ಅವಳೂ. ತರಬೇತಿ ಮತ್ತು ಮೇಲ್ವಿಚಾರಣೆ ಸಿಕ್ಕಿದ್ದರಿಂದ ಅವಳಿಂದ ಅದು ಸಾಧ್ಯವಾಯಿತು.

ಎರಡು, ಹಣೆಪಟ್ಟಿಯ ಭಯ. ‘ನಿಮ್ಮ ಮಗು ಹಿಂದುಳಿದಿದೆ’ ಎಂಬ ಮಾತು ಒಂದು ಮನೆಯನ್ನೇ ಅಲ್ಲಾಡಿಸುತ್ತದೆ. ಬಹಳ ಸಲ ಅದರ ಹೊಡೆತ ತಾಯಿಯ ಮೇಲೆ ಬೀಳುತ್ತದೆ: ಬಸುರಿಯಲ್ಲಿ ಏನು ತಿಂದಳೋ, ಗ್ರಹಣ ನೋಡಿದಳೋ ಎಂದು. ಅದಕ್ಕೇ ಮೈಲಿಗಲ್ಲಿನ ತಪಾಸಣೆ ರೋಗನಿರ್ಣಯವಲ್ಲ ಎಂಬುದನ್ನು ಮಾಡುವವರೂ ಮಾಡಿಸಿಕೊಳ್ಳುವವರೂ ತಿಳಿದಿರಬೇಕು. ಅದು ಪರೀಕ್ಷೆಯೂ ಅಲ್ಲ, ಪಾಸು ಫೇಲು ಅಲ್ಲಿಲ್ಲ. ಅಮೆರಿಕದ ಸಿಡಿಸಿ ಸಂಸ್ಥೆ 2022ರಲ್ಲಿ ತನ್ನ ಪಟ್ಟಿಯನ್ನು ಬದಲಿಸಿ, ಅರ್ಧದಷ್ಟು ಮಕ್ಕಳು ಮಾಡುವ ವಯಸ್ಸಿನ ಬದಲು ನೂರಕ್ಕೆ 75 ಮಕ್ಕಳು ಮಾಡುವ ವಯಸ್ಸನ್ನು ಇಟ್ಟುಕೊಂಡಿತು. ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆಯಿತು. ಉದ್ದೇಶ ಸ್ಪಷ್ಟ: ಸುಮ್ಮನೆ ಹೆದರಿಸುವುದು ಕಡಿಮೆಯಾಗಬೇಕು, ಹೆದರಬೇಕಾದಾಗ ‘ಕಾದು ನೋಡೋಣ’ ಎನ್ನುವುದೂ ಕಡಿಮೆಯಾಗಬೇಕು.

ಮೂರನೆಯದು ಎಲ್ಲಕ್ಕಿಂತ ತೂಕದ್ದು. ಹುಡುಕಿದ ಮೇಲೆ ಕಳಿಸುವುದೆಲ್ಲಿಗೆ? ಜಿಲ್ಲಾ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ಖಾಲಿಯಿದ್ದರೆ, ವಾಕ್ ಚಿಕಿತ್ಸಕರು ವಾರಕ್ಕೊಮ್ಮೆ ಬಂದರೆ, ನೂರು ಕಿಲೋಮೀಟರ್ ದೂರದ ತಾಯಿ ಒಂದು ದಿನದ ಕೂಲಿ ಬಿಟ್ಟು ಎಷ್ಟು ಸಲ ಹೋದಾಳು? ಉತ್ತರ ಕೊಡಲಾಗದ ಪ್ರಶ್ನೆಯನ್ನು ತಾಯಿಗೆ ಕೇಳಿ ಬರುವುದು ಕ್ರೌರ್ಯ. ಆದರೆ ಇದರಿಂದ ಹುಡುಕುವುದೇ ಬೇಡ ಎಂದಾಗುವುದಿಲ್ಲ. ಮೊದಲ ಚಿಕಿತ್ಸೆ ಬಹಳ ಸಲ ಮನೆಯಲ್ಲೇ ಆಗುವಂಥದ್ದು. ಜಮೈಕಾದಲ್ಲಿ 1980ರ ದಶಕದಲ್ಲಿ ಕುಳ್ಳಾಗಿದ್ದ ಬಡ ಮಕ್ಕಳ ಮನೆಗೆ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಕ್ಕಳನ್ನು ಆಡಿಸುವುದನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ನೋಡಿದಾಗ, ಆ ಭೇಟಿ ಸಿಗದ ಅಂಥದೇ ಮಕ್ಕಳಿಗಿಂತ ಇವರ ಸಂಪಾದನೆ ಶೇಕಡಾ 25ರಷ್ಟು ಹೆಚ್ಚಿತ್ತು. ಅಲ್ಲಿ ಯಾವ ತಜ್ಞರೂ ವಾರವಾರ ಬಂದಿರಲಿಲ್ಲ. ತಜ್ಞರೇ ಬೇಕಾದ ಮಕ್ಕಳಿಗೆ ದೊಡ್ಡ ಸಂಸ್ಥೆಗಳಿವೆ: ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆ, ಸಿಕಂದರಾಬಾದಿನಲ್ಲಿ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯದ ಸಂಸ್ಥೆ. ಆರೋಗ್ಯ ಕೇಂದ್ರದಿಂದ ಅಲ್ಲಿಗೆ ಹೋಗುವ ದಾರಿ ಒಂದು ಚೀಟಿಯಲ್ಲಿ ಮುಗಿಯಬಾರದು. ಕಳಿಸಿದ ಮಗು ತಲುಪಿತೇ ಎಂದು ವಿಚಾರಿಸುವ ಒಬ್ಬರು ಇರಬೇಕು.

ಹಾಗಾದರೆ ಆಗಬೇಕಾದದ್ದು ಏನು? ಮೊದಲನೆಯದಾಗಿ, ಚುಚ್ಚುಮದ್ದಿನ ದಿನವನ್ನೇ ಮೈಲಿಗಲ್ಲಿನ ದಿನವನ್ನಾಗಿ ಮಾಡುವುದು. ಒಂಬತ್ತನೇ ತಿಂಗಳ ದಡಾರ ಲಸಿಕೆಯ ದಿನ ಮಗು ಕೂರುತ್ತದೆಯೇ, ಹೆಸರು ಕರೆದರೆ ತಿರುಗುತ್ತದೆಯೇ, ‘ಬಬಬ’ ‘ದದದ’ ಅನ್ನುತ್ತದೆಯೇ ಎಂದು ಕೇಳುವುದು. ಒಂದೂವರೆ ವರ್ಷದ ಬೂಸ್ಟರ್ ದಿನ ನಡೆಯುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಕೆಲವು ಪದಗಳಾದರೂ ಇವೆಯೇ ಎಂದು ಕೇಳುವುದು. ಎರಡನೆಯದಾಗಿ, ಆಶಾ ಭೇಟಿಯನ್ನು 15ನೇ ತಿಂಗಳಿಗೆ ನಿಲ್ಲಿಸದೆ ಎರಡು ಮತ್ತು ಎರಡೂವರೆ ವರ್ಷಕ್ಕೂ ವಿಸ್ತರಿಸುವುದು. ಮೂರನೆಯದಾಗಿ, ದಾಖಲೆ ಮಗುವಿನ ಜೊತೆ ಪ್ರಯಾಣ ಮಾಡುವಂತೆ ನೋಡಿಕೊಳ್ಳುವುದು. ಲಸಿಕೆಯ ಲೆಕ್ಕ ಈಗ ಯು-ವಿನ್ ಮೂಲಕ ರಾಜ್ಯದ ಗಡಿ ದಾಟುತ್ತಿದೆ. ಅದೇ ಖಾತೆಯಲ್ಲಿ ನಾಲ್ಕು ಮೈಲಿಗಲ್ಲುಗಳಿಗೂ ಜಾಗ ಕೊಟ್ಟರೆ ಧಾರವಾಡದಲ್ಲಿ ಶುರುವಾದ ಲೆಕ್ಕ ಪುಣೆಯಲ್ಲಿ ಮುಂದುವರಿಯುತ್ತದೆ. ನಾಲ್ಕನೆಯದಾಗಿ, ತಾಯಿಗೆ ಪ್ರಶ್ನೆ ಅವಳ ಭಾಷೆಯಲ್ಲಿ ತಲುಪುವಂತೆ ಮಾಡುವುದು. ಮುಂಬೈ, ಪುಣೆ, ಹೈದರಾಬಾದಿನ ಆರೋಗ್ಯ ಕೇಂದ್ರಗಳಲ್ಲಿ ಕನ್ನಡದ ಒಂದು ಹಾಳೆ ಇಡುವುದು ದೊಡ್ಡ ಖರ್ಚಲ್ಲ. ಆ ಊರುಗಳ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಪಡುವ ಶ್ರಮದ ಒಂದು ಪಾಲನ್ನು ಇದಕ್ಕೆ ಕೊಟ್ಟರೆ, ಸೈಟುಗಳಲ್ಲಿರುವ ಉತ್ತರ ಕರ್ನಾಟಕದ ತಾಯಂದಿರಿಗೆ ಅದು ನೇರವಾಗಿ ಮುಟ್ಟುತ್ತದೆ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಮನೆಯವರು ನೆನಪಿಡಬೇಕಾದದ್ದು ಹೆಚ್ಚೇನಿಲ್ಲ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಾದರೂ ಕೂರದಿದ್ದರೆ, ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಅಥವಾ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ ವೈದ್ಯರಲ್ಲಿಗೆ ಹೋಗಿ, ಬಂದದ್ದು ಅದಕ್ಕೇ ಎಂದು ಬಾಯಿಬಿಟ್ಟು ಹೇಳಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಕಳೆದು ಲೆಕ್ಕ ಹಾಕಬೇಕು. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ಹೋದರೆ, ಕಲಿತದ್ದು ಮರೆತರೆ ಒಂದು ವಾರವೂ ಕಾಯಬಾರದು. ಹೋಗಿ ನೋಡಿಸಿ ಏನೂ ಇಲ್ಲ ಎಂದಾದರೆ ಕಳೆದುಕೊಂಡದ್ದು ಒಂದು ಮಧ್ಯಾಹ್ನ ಮಾತ್ರ.